ದೋಣಿಯ ಹಳೆಯ ಸ್ಕ್ರೂ ತೂತುಗಳು

ಶಂಕರಘಟ್ಟದ ಕಡೆಯ ನಮ್ಮ ಬೆಳೆಗಾರ ಮಿತ್ರರೊಬ್ಬರು ಭದ್ರಾ ಹಿನ್ನೀರಿನಲ್ಲಿ ಬಳಸುವ ಅಲ್ಯುಮಿನಿಯಂ ದೋಣಿಗೆ ಹಿಂದೆ ಕೂರುಹಲಗೆ ಬಿಗಿದಿದ್ದರು. ಹಲಗೆ ಕಿತ್ತ ಮೇಲೆ ತಳದಲ್ಲಿ ಉಳಿದ ತೂತುಗಳಿಗೆ ಹಿತ್ತಾಳೆ ಸ್ಕ್ರೂ ತಿರುಗಿಸಿ ಸುಮ್ಮನಾದರು. ನಾವು ನೋಡುವ ಹೊತ್ತಿಗೆ ಸ್ಕ್ರೂ ಗಟ್ಟಿಯಾಗಿಯೇ ಇತ್ತು, ಸುತ್ತಲಿನ ತಗಡು ಮಾತ್ರ ಬಿಳಿ ಪುಡಿಯಾಗಿ ಉದುರುತ್ತಿತ್ತು! ಸಾಲದ್ದಕ್ಕೆ ಅದೇ ದೋಣಿಯಲ್ಲಿ ಮೈಲುತುತ್ತದ ಚೀಲಗಳನ್ನೂ ಸಾಗಿಸಿದ್ದರು.

ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿ ನೋಡುವ ನಮಗೆ ಇದು ಹೊಸತಲ್ಲ. ಸುಣ್ಣ ಸಾಲದಿದ್ದರೆ ತಾಮ್ರ ಕೆಂಪಗೆ ಕೂತು ಕಬ್ಬಿಣ ಸವೆಯುತ್ತದೆ. ತಾಮ್ರ ಅಲ್ಯುಮಿನಿಯಂ ತಗಡಿಗೂ ಶತ್ರುವೇ. ಹಿತ್ತಾಳೆಯಲ್ಲಿರುವುದೂ ತಾಮ್ರವೇ ತಾನೆ?

ದೋಣಿಯನ್ನು ದಡದಲ್ಲಿ ದಿಮ್ಮಿಗಳ ಮೇಲಿಟ್ಟು ಒಳಗೆ ನೀರು ಹೊಯ್ದೆವು. ಹೊರಗೆ ತೊಟ್ಟಿಕ್ಕಿದ ಕಡೆಯೆಲ್ಲ ಗುರುತು ಮಾಡಿ, ಒಣಗಿಸಿ, ತಗಡು ಹೊಳೆಯುವವರೆಗೆ ಉಜ್ಜಿದೆವು. ಸಣ್ಣ ತೂತುಗಳನ್ನು ಡ್ರಿಲ್ಲಿನಿಂದ ದುಂಡಗೆ ಮಾಡಿ, ದೋಣಿಗೆಂದೇ ಸಿಗುವ ಸೀಲಂಟ್ ಹಚ್ಚಿ, ತುದಿ ಮುಚ್ಚಿದ ಅಲ್ಯುಮಿನಿಯಂ ರಿವೆಟ್ ಹೊಡೆದೆವು. ತುದಿ ತೆರೆದ ಮಾಮೂಲಿ ರಿವೆಟ್ಟಿನ ನಡುವಿನಿಂದಲೇ ನೀರು ಬರುತ್ತದೆ. ಸವೆದು ಅಗಲವಾದ ತೂತುಗಳಿಗೆ ಅಲ್ಯುಮಿನಿಯಂ ತಗಡಿನ ತೇಪೆಯೇ ಬೇಕಾಯಿತು. ಗಟ್ಟಿ ತಗಡು ಸಿಗುವವರೆಗೆ ಹೊರಕ್ಕೆ ಸರಿದು ಸುತ್ತಲೂ ರಿವೆಟ್ ಕೂರಿಸಿದೆವು. ಬರೀ ಅಂಟು ಮೆತ್ತಿದ್ದರೆ ತಳ ಅಲುಗಿದಂತೆ ಬಿಟ್ಟುಬರುತ್ತಿತ್ತು.

ಮತ್ತೆ ನೀರು ಹೊಯ್ದಾಗ ಒಂದು ಕಡೆ ಜಿನುಗಿತು. ಆ ರಿವೆಟ್ ಕೊರೆದು ತೆಗೆದು ಹೊಸದು ಹಾಕಿದೆವು. ಮೈಲುತುತ್ತ ಈಗ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹೋಗುತ್ತಿದೆ.