ಬಿ.ಎಡ್. ಮಾಸ್ತರಿಗೂ 16 ವಾರ, ನೇಜಿಗೂ 16 ವಾರ!

ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳ ಹಾದು ಮಣಿಪಾಲಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದವರು ರಸ್ತೆಯ ಎರಡೂ ಕಡೆ ನೋಡಿಯೇ ಇರುತ್ತೀರಿ. ಒಂದು ಗದ್ದೆಯಲ್ಲಿ ಪೈರು, ಪಕ್ಕದ್ದರಲ್ಲಿ ಸೊಂಟದೆತ್ತರ ಹುಲ್ಲು. ಹಡಿಲು! ಅದೇ ಬಸ್ಸಿನಲ್ಲಿ ಜೋತು ಬಿದ್ದು ಬರುವ ಹೈಸ್ಕೂಲು ಮಕ್ಕಳ ಹತ್ತಿರ, ‘ಏಣೆಲು ಕೊಯ್ಲಿಗೆ ಬರಲು ಎಷ್ಟು ದಿನ ಬೇಕು ಮಗಾ?’ ಎಂದು ಕೇಳಿ ನೋಡಿ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಪಟಪಟ ಹೇಳಿಯಾರು. ಏಣೆಲಿನ ಲೆಕ್ಕಕ್ಕೆ ಮುಖ ಮುಖ ನೋಡಿಕೊಳ್ಳುತ್ತಾರೆ.

ತಪ್ಪು ಮಕ್ಕಳದ್ದಲ್ಲ. ಹೇಳಿಕೊಡುವವರು ಯಾರಿದ್ದಾರೆ? ಎಸ್ಸೆಸ್ಸೆಲ್ಸಿಯ ಕಡ್ಡಾಯ ವಿಷಯಗಳಲ್ಲಿ ಕೃಷಿ ಇಲ್ಲ. ವಿಷಯ ಇಲ್ಲದ ಮೇಲೆ ಮಾಸ್ತರೂ ಇಲ್ಲ. ಮಾಸ್ತರಾಗಲು ಹೊರಟವರಿಗೆ ಅದರ ತರಬೇತಿಯೂ ಇಲ್ಲ.

ಆದರೆ ಒಂದು ದಾರಿ ಉಂಟು. ಅದಕ್ಕೆ ಹೊಸ ಹುದ್ದೆ ಬೇಡ, ಹೊಸ ಕಟ್ಟಡವೂ ಬೇಡ. ಕ್ಯಾಲೆಂಡರು ಒಂದನ್ನು ಸರಿ ಮಾಡಿದರೆ ಸಾಕು.

ಲೆಕ್ಕ ನೋಡಿ

ಬಿ.ಎಡ್. ಓದುವವರು ಶಾಲೆಗೆ ಬಂದು ಪಾಠ ಮಾಡಿ ಕಲಿಯಬೇಕು. ಮೊದಲು ಇದು ಒಂದು ವರ್ಷದ ಕೋರ್ಸು. ಒಂದಷ್ಟು ಪಾಠ ಮಾಡಿ, ಟಿಪ್ಪಣಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಆಯ್ತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮ ಬಂದ ಮೇಲೆ ಕೋರ್ಸು ಎರಡು ವರ್ಷವಾಯಿತು. ಶಾಲೆಯಲ್ಲಿ ಇರಬೇಕಾದ ಅವಧಿ ಒಟ್ಟು 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16.

ಹದಿನಾರು ವಾರ ಎಂದರೆ 112 ದಿನ. ಈಗ ಗದ್ದೆಗೆ ಬನ್ನಿ. ನಮ್ಮ ಕರಾವಳಿಯಲ್ಲಿ ಹೆಚ್ಚು ಬೆಳೆಯುವ ಎಂ.ಒ.4 ಭತ್ತಕ್ಕೆ ಸುಮಾರು 135 ದಿನ. ಮೊದಲ 25 ದಿನ ಸಸಿಮಡಿ. ನೇಜಿ ನೆಟ್ಟಲ್ಲಿಂದ ಕೊಯ್ಲಿನ ತನಕ ಉಳಿಯುವುದು 110 ದಿನ. ಮಾಸ್ತರ ತರಬೇತಿಗೂ ಭತ್ತಕ್ಕೂ ಹೆಚ್ಚುಕಡಿಮೆ ಒಂದೇ ಅವಧಿ!

ಆಷಾಢದ ಮಳೆಗೆ ಈ ಮಾಸ್ತರು ಶಾಲೆಗೆ ಬಂದರೆ ನೇಜಿ, ಕಳೆ, ಗೊಬ್ಬರ, ತೆನೆ, ಕೊಯ್ಲು ಎಲ್ಲವನ್ನೂ ಮಕ್ಕಳ ಜತೆ ನೋಡಿಯೇ ಹೋಗುತ್ತಾರೆ. ದಸರಾ ರಜೆ ಮುಗಿದ ಮೇಲೆ ಬಂದರೋ, ಉಳಿದಿರುವುದು ಬರೇ ಕೂಳೆ. ಬೇಸಾಯದ ಪಾಠ ಮತ್ತೆ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿಯೇ!

ಇದೇನೂ ಹೊಸ ಕನಸಲ್ಲ

ಹೈಸ್ಕೂಲಿನಲ್ಲಿ ಕೃಷಿ ಬೇಕು ಎಂದು 1952-53ರ ಮುದಲಿಯಾರ್ ಆಯೋಗವೇ ಹೇಳಿತ್ತು. ವಿವಿಧೋದ್ದೇಶ ಶಾಲೆಗಳನ್ನು ತೆರೆದು ಏಳು ಐಚ್ಛಿಕ ಗುಂಪು ಕೊಡಿ, ಅದರಲ್ಲಿ ಒಂದು ಕೃಷಿ ಇರಲಿ ಎಂದಿತು. ಶಾಲೆಗಳಾದವು, ಮಾಸ್ತರು ಸಿಗಲಿಲ್ಲ. ಅದಕ್ಕಾಗಿಯೇ 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ನಮ್ಮ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಹುಟ್ಟಿದವು. ಕೃಷಿ, ವಾಣಿಜ್ಯ, ತಂತ್ರಜ್ಞಾನದಂಥ ವಿಷಯಗಳಿಗೆ ಮಾಸ್ತರನ್ನು ತಯಾರು ಮಾಡುವುದೇ ಅವುಗಳ ಕೆಲಸ. ಪಕ್ಕದಲ್ಲೇ ಒಂದೊಂದು ಪ್ರಾತ್ಯಕ್ಷಿಕ ಶಾಲೆ. ನೆರವಿಗೆ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯ.

ಅಮೆರಿಕದವರಿಗೆ ಇದರಲ್ಲಿ ಪಳಗಿದ ಕೈ. ಅಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯಿದೆ ಹೈಸ್ಕೂಲು ಕೃಷಿಗೆ ಕೇಂದ್ರದ ಹಣ ಕೊಟ್ಟಿತು. ಕೊಡುವಾಗ ಒಂದು ಶರತ್ತನ್ನೂ ಹಾಕಿತು: ಹುಡುಗ ವರ್ಷದಲ್ಲಿ ಕನಿಷ್ಠ ಆರು ತಿಂಗಳು ಹೊಲದಲ್ಲಿ, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿರಬೇಕು. ಹೊಲ ಶಾಲೆಯದ್ದಾದರೂ ಆದೀತು, ಮನೆಯದ್ದಾದರೂ ಆದೀತು.

ನಮ್ಮಲ್ಲಿ ಏನಾಯಿತು? ವಿವಿಧೋದ್ದೇಶ ಶಾಲೆಗಳ ಯೋಜನೆ ಮೆಲ್ಲಗೆ ಒಣಗಿತು. ಮೈಸೂರಿನ ಕಾಲೇಜು ಉಳಿಯಿತು, ಹೆಸರೂ ಮಾಡಿತು. ಈಗ ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಆದರೆ ಹೈಸ್ಕೂಲಿಗೆ ಕೃಷಿ ಮಾಸ್ತರು ಎಂಬ ಮಾತು ಅಲ್ಲಿಗೇ ನಿಂತಿತು.

ಮಣಿಪಾಲದವರಿಗೆ ಇನ್ನೊಂದು ಸಂಗತಿ ನೆನಪಿರಬಹುದು. ಬ್ಯಾಂಕಿನವರಿಗೆ ಹಳ್ಳಿ ಮತ್ತು ಕೃಷಿಯನ್ನು ಕಲಿಸಲಿಕ್ಕೆಂದು ಟಿ.ಎ. ಪೈಯವರು 1978ರಲ್ಲಿ ಭಾರತೀಯ ವಿಕಾಸ ಟ್ರಸ್ಟ್ ಕಟ್ಟಿದರು. ಬ್ಯಾಂಕ್ ಮ್ಯಾನೇಜರಿಗೆ ಗದ್ದೆ ಕಲಿಸಬೇಕೆಂದು ಹೊಳೆದ ಊರಿಗೆ, ಮಾಸ್ತರಿಗೂ ಕಲಿಸೋಣ ಎಂದು ಯಾಕೆ ಹೊಳೆಯಬಾರದು?

‘ಓದಲಿಕ್ಕೆ ಕಳಿಸಿದ್ದು ಮಾರಾಯ್ರೆ!’

ತಂದೆತಾಯಿಯ ಆಕ್ಷೇಪ ಇದೇ: ‘ಮಗನನ್ನು ಓದಲಿಕ್ಕೆ ಕಳಿಸಿದ್ದು, ಕೆಸರಿಗೆ ಇಳಿಸಲಿಕ್ಕೆ ಅಲ್ಲ.’ ಈ ಮಾತನ್ನು ನಗೆಯಾಡಿ ತಳ್ಳಿಹಾಕುವುದು ಬೇಡ. ಇದರ ಹಿಂದೆ ಚರಿತ್ರೆ ಉಂಟು. 1953ರಲ್ಲಿ, ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ, ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಕುಲಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಹುನ್ನಾರ ಎಂದು ಜನ ಸಿಡಿದೆದ್ದರು. ಮರುವರ್ಷವೇ ಯೋಜನೆ ಹೋಯಿತು, ರಾಜಾಜಿಯವರ ಅಧಿಕಾರವೂ ಹೋಯಿತು.

1974ರ ಭೂಸುಧಾರಣೆಯಲ್ಲಿ ನಮ್ಮ ಒಕ್ಕಲುಗಳು ಗದ್ದೆಯ ಒಡೆಯರಾದರು. ಅವರ ಮಕ್ಕಳು ಓದಿ ಬೊಂಬಾಯಿ, ಗಲ್ಫು, ಬ್ಯಾಂಕು ಎಂದು ಹೋದರು. ಹೋಗುವುದು ಅವರ ಹಕ್ಕು. ಹಾಗಾಗಿ ಶಾಲೆಯ ಬೇಸಾಯ ಬಡವರ ಮಕ್ಕಳಿಗೆ ಒಂದು, ಪೇಟೆಯ ಮಕ್ಕಳಿಗೆ ಇನ್ನೊಂದು ಆಗಬಾರದು. ಇಳಿದರೆ ಎಲ್ಲರೂ ಇಳಿಯಬೇಕು. ನೇಜಿ ಹೆಣ್ಣುಮಕ್ಕಳಿಗೆ, ಟಿಲ್ಲರು ಗಂಡುಮಕ್ಕಳಿಗೆ ಎಂಬ ಪಾಲೂ ಬೇಡ. ತಡವಾಗಿ ಬಂದವನಿಗೆ ಶಿಕ್ಷೆಯಾಗಿ ಕಳೆ ಕೀಳಿಸುವುದಂತೂ ಬೇಡವೇ ಬೇಡ. ಶಿಕ್ಷೆಯಾಗಿ ಮಾಡಿದ ಕೆಲಸವನ್ನು ಯಾರೂ ಪ್ರೀತಿಸುವುದಿಲ್ಲ.

ಪಾಠ ಎಂಥದ್ದು?

ಅಂಕ ಹೋದೀತು ಎಂಬ ಹೆದರಿಕೆಯೂ ಬೇಡ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲ ಪಾಠ ಉಂಟು. ನಮ್ಮ ಮುರಕಲ್ಲಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾದದ್ದು. ಗದ್ದೆಗೆ ಸುಣ್ಣ ಯಾಕೆ ಹಾಕುತ್ತಾರೆ ಎಂಬುದು ಆ ಪಾಠದ ಉತ್ತರವೇ. ಒಂದು ಮುಷ್ಟಿ ಮಣ್ಣು, ಒಂದು ಲೋಟ ನೀರು, ಒಂದು ಲಿಟ್ಮಸ್ ಕಾಗದ, ಮತ್ತೇನು ಬೇಕು? ಬೈಲು, ಮಜಲು, ಬೆಟ್ಟು ಗದ್ದೆಗಳ ವ್ಯತ್ಯಾಸ ಹೇಳಿದರೆ ಭೂಗೋಳ. ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ. ಮೇಲಿನ ಬೆಟ್ಟುಗದ್ದೆಯಲ್ಲಿ ಮಳೆಗಾಲದ ಒಂದೇ.

ಕಾಪು ಕಡೆಯ ಶಾಲೆಯಾದರೆ ಲೆಕ್ಕದ ಮಾಸ್ತರಿಗೆ ಶಂಕರಪುರ ಮಲ್ಲಿಗೆ ಸಾಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದರ ದಿನ ದಿನ ಬೇರೆ. ಬೆಳಗ್ಗೆ ಮನೆಯಲ್ಲಿ ಹೂ ಕಟ್ಟಿ ಶಾಲೆಗೆ ಬಂದ ಹುಡುಗಿಗೆ ಸರಾಸರಿ, ಶೇಕಡಾ, ಲಾಭನಷ್ಟ ಎಲ್ಲ ಅದರಲ್ಲೇ ಸಿಗುತ್ತದೆ. ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ತೊಟ್ಟಿನ ಮುಳ್ಳು ನೋಡಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಬಲ್ಲ ಹುಡುಗ ನಾಳೆ ಒಳ್ಳೆಯ ವ್ಯಾಪಾರಿಯೂ ಆದಾನು. ಕಾರ್ಕಳದವರಿಗೆ ಕಾರ್ಲ ಕಜೆ ಉಂಟಲ್ಲ!

ಅಂಗಡಿಯವರೂ ಕೇಳಿ. ಘಟ್ಟದ ಲಾರಿ ಒಂದು ದಿನ ತಡವಾದರೆ ನಿಮ್ಮ ತರಕಾರಿ ಬುಟ್ಟಿ ಖಾಲಿ. ಊರಿನಲ್ಲಿ ಬೆಳೆಯಬಲ್ಲವರು ತಯಾರಾಗುವುದು ನಿಮ್ಮ ಗಲ್ಲಾಪೆಟ್ಟಿಗೆಯ ವಿಷಯವೂ ಹೌದು.

ಮಾಸ್ತರಿಗೆ ಕಲಿಸುವವರು ಯಾರು?

ನಿಜವಾದ ತೊಡಕು ಇಲ್ಲಿದೆ. ಬಿ.ಎಡ್. ಹುಡುಗನಿಗೆ ಕ್ಲಾಸು ಹಿಡಿತದಲ್ಲಿಡಲು ಗೊತ್ತು, ಗದ್ದೆ ಗೊತ್ತಿಲ್ಲ. ಇನ್ನೊಂದು ಕಡೆ, ಬಿ.ಎಸ್ಸಿ. ಕೃಷಿ ಓದುವವರು ಕೊನೆಯ ವರ್ಷ ಹಳ್ಳಿಯಲ್ಲಿದ್ದು ಗ್ರಾಮೀಣ ಕೃಷಿ ಕಾರ್ಯಾನುಭವ ಪಡೆಯಬೇಕು. ಅವರಿಗೆ ಗದ್ದೆ ಗೊತ್ತು, ಕ್ಲಾಸು ಗೊತ್ತಿಲ್ಲ. ಇಬ್ಬರನ್ನೂ ಒಂದೇ ಶಾಲೆಗೆ ಜೋಡಿ ಮಾಡಿ ಕಳಿಸಿದರೆ? ಇವನು ಅವನಿಗೆ ಕಲಿಸಿಯಾನು, ಅವನು ಇವನಿಗೆ. ಇಬ್ಬರಿಗೂ ಗುರುವಾಗಿ ಊರಿನ ಒಬ್ಬ ಹಳೆಯ ಬೇಸಾಯಗಾರರು ಇರಲಿ. ಪುಕ್ಕಟೆ ಬೇಡ, ಅವರಿಗೂ ಗೌರವಧನ ಕೊಡಿ.

ಜಾಗ ಎಲ್ಲಿ? ಶಾಲೆಯ ಹತ್ತಿರದ ಹಡಿಲು ಗದ್ದೆಯಲ್ಲಿ ಐದು ಸೆಂಟ್ಸ್ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಎಕರೆಗೆ 20 ಕ್ವಿಂಟಾಲ್ ಎಂದು ಹಿಡಿದರೆ ಐದು ಸೆಂಟ್ಸಿಗೆ ಒಂದು ಕ್ವಿಂಟಾಲ್ ಭತ್ತ. ಮಕ್ಕಳ ಬಿಸಿಯೂಟಕ್ಕೆ ಕೆಲವು ದಿನಗಳ ಕುಚ್ಚಲಕ್ಕಿ ಆಯ್ತು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿ ಎಂದು ಕೇಂದ್ರ ಸರಕಾರವೇ 2019ರಲ್ಲಿ ಮಾರ್ಗಸೂಚಿ ಕಳಿಸಿದೆ. ಬಸಳೆ, ಅಲಸಂಡೆ ಅದರಲ್ಲಿ ಬೆಳೆಯಲಿ.

ಬೀಜ, ಮಣ್ಣು ಪರೀಕ್ಷೆ, ಸಲಹೆ ಬೇಕಾದರೆ ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವೂ, ಕೃಷಿ ವಿಜ್ಞಾನ ಕೇಂದ್ರವೂ ಇವೆ. ಉಡುಪಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಇಷ್ಟೆಲ್ಲ ಇದ್ದೂ ಆಗದೇ ಇರುವುದು ಯಾಕೆ? ಶಿಕ್ಷಣ ಇಲಾಖೆ, ಬಿ.ಎಡ್. ಕಾಲೇಜು, ಕೃಷಿ ವಿಶ್ವವಿದ್ಯಾಲಯ, ಶಾಲಾ ಸಮಿತಿ ನಾಲ್ಕೂ ಒಂದು ಮೇಜಿನ ಸುತ್ತ ಕುಳಿತಿಲ್ಲ, ಅಷ್ಟೇ. ಕುಳಿತುಕೊಳ್ಳುವುದಾದರೆ ಮೇ ತಿಂಗಳೊಳಗೆ ಕುಳಿತುಕೊಳ್ಳಲಿ. ಮೊದಲ ವರ್ಷ ಉಡುಪಿಗೆ ಒಂದು, ಕಾಪುವಿಗೆ ಒಂದು, ಕಾರ್ಕಳಕ್ಕೆ ಒಂದು ಹೈಸ್ಕೂಲು ಆರಿಸಿದರೂ ಸಾಕು. ಮಳೆ ಯಾವ ಇಲಾಖೆಯ ಸುತ್ತೋಲೆಗೂ ಕಾಯುವುದಿಲ್ಲ.