ಹಿಮದ ಹಾಕಿ, ಹೆರವರ ಮಕ್ಕಳು

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಹಸಿರು ಮೈದಾನ, ತುದಿ ಬಾಗಿದ ಕೋಲು, ಬಿಳಿಯ ಚೆಂಡು. ಕೆನಡಾ ದೇಶದಲ್ಲಿ ಇದೇ ಹೆಸರು ಬೇರೊಂದು ಆಟಕ್ಕೆ ಸಲ್ಲುತ್ತದೆ. ಅಲ್ಲಿ ಆಟದ ನೆಲವೇ ಮಂಜುಗಡ್ಡೆ. ಚೆಂಡಿನ ಸ್ಥಾನದಲ್ಲಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಆಟಗಾರರು ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ತೊಟ್ಟು, ಜಾರುತ್ತ ಆಡುತ್ತಾರೆ. ಗೋಲ್‌ಕೀಪರನೂ ಸೇರಿದಂತೆ ಒಂದು ಪಕ್ಷದ ಆರು ಮಂದಿ ಕಣದಲ್ಲಿರುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಆಟ ನಡೆಯುತ್ತದೆ. ಅದರ ರಭಸ ಎಂಥದೆಂದರೆ, ಒಬ್ಬ ಆಟಗಾರ ಒಂದು ನಿಮಿಷ ತುಂಬುವ ಮೊದಲೇ ದಣಿದು ಬೆಂಚಿಗೆ ಮರಳುತ್ತಾನೆ. ಇನ್ನೊಬ್ಬ ಅವನ ಸ್ಥಾನಕ್ಕೆ ಧಾವಿಸುತ್ತಾನೆ.

ಈ ಆಟದ ಹೆಸರಾಂತ ವೃತ್ತಿಪರರ ವಿಚಾರ ಹಾಗಿರಲಿ. ಅಂಥವರು ಹದಗೊಳ್ಳುವ ಕಿರಿಯರ ಲೀಗಿನ ಒಂದು ಋತುವನ್ನು ನಾನಿಲ್ಲಿ ಪರಿಚಯಿಸಬಯಸುತ್ತೇನೆ. ಹದಿಹರೆಯದವರಿಗೆ ಪಾಠ ಹೇಳುತ್ತ ಬಾಳಿನ ಬಹುಭಾಗವನ್ನು ಕಳೆದ ನನ್ನ ಗಮನವನ್ನು ಸೆಳೆದದ್ದು ಅಲ್ಲಿನ ಗೋಲುಗಳ ಲೆಕ್ಕವಲ್ಲ. ತಂದೆತಾಯಿಗಳು ತಮ್ಮ ಮಕ್ಕಳನ್ನು ಪರರ ಕೈಗೆ ಒಪ್ಪಿಸುವ ಬಗೆ.

ಕೆನಡಿಯನ್ ಹಾಕಿ ಲೀಗ್ ಎಂಬ ಒಂದೇ ಸೂರಿನಡಿಯಲ್ಲಿ ಮೂರು ಲೀಗುಗಳಿವೆ. ಪಶ್ಚಿಮದ ಪ್ರಾಂತಗಳಿಗೆ ಒಂದು, ಒಂಟಾರಿಯೋಗೆ ಒಂದು, ಕ್ವಿಬೆಕ್ ಮತ್ತು ಅಟ್ಲಾಂಟಿಕ್ ತೀರಕ್ಕೆ ಇನ್ನೊಂದು. ಗಡಿಯಾಚೆಯ ಅಮೆರಿಕದ ಕೆಲವು ಊರುಗಳ ತಂಡಗಳೂ ಇವುಗಳಲ್ಲಿ ಆಡುತ್ತವೆ. ಆಟಗಾರರ ವಯಸ್ಸು ಸಾಮಾನ್ಯವಾಗಿ 16ರಿಂದ 20. ಪಶ್ಚಿಮದ ಲೀಗಿನಲ್ಲಿ ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ ಒಂದೊಂದು ತಂಡವೂ 68 ಪಂದ್ಯಗಳನ್ನಾಡುತ್ತದೆ. ಆನಂತರ ಉಳಿವಿನ ಹೋರಾಟ: ಏಳು ಪಂದ್ಯಗಳ ಸರಣಿಯಲ್ಲಿ ನಾಲ್ಕನ್ನು ಮೊದಲು ಗೆದ್ದವರಿಗೆ ಮುನ್ನಡೆ, ಸೋತವರಿಗೆ ಮನೆಯ ದಾರಿ. ಕೊನೆಗೆ, ವಸಂತ ಮುಗಿಯುವ ಹೊತ್ತಿಗೆ, ಮೂರು ಲೀಗುಗಳ ವಿಜೇತರೂ ಒಂದು ಆತಿಥೇಯ ತಂಡವೂ ಮೆಮೋರಿಯಲ್ ಕಪ್ಪಿಗಾಗಿ ಸೆಣಸುತ್ತವೆ. ಮೊದಲ ಮಹಾಯುದ್ಧದಲ್ಲಿ ಮಡಿದ ಕೆನಡಾದ ಯೋಧರ ಸ್ಮರಣೆಗಾಗಿ 1919ರಲ್ಲಿ ಈ ಕಪ್ಪನ್ನು ಸ್ಥಾಪಿಸಲಾಯಿತು.

ಈ ಹುಡುಗರಲ್ಲಿ ಹೆಚ್ಚಿನವರು ತಮ್ಮ ಊರಿನ ತಂಡಕ್ಕೆ ಆಡುವವರಲ್ಲ. ಆಯ್ಕೆಯಾದ ತಂಡ ನೂರಾರು ಮೈಲಿ ದೂರದಲ್ಲಿರಬಹುದು. ಅಲ್ಲಿ ಅವರು ವಾಸಿಸುವುದು ಹಾಸ್ಟೆಲಿನಲ್ಲಲ್ಲ, ಊರವರ ಮನೆಗಳಲ್ಲಿ. ಒಂದು ಕುಟುಂಬ ಒಬ್ಬಿಬ್ಬರು ಆಟಗಾರರನ್ನು ಋತುವಿಡೀ ಮನೆಯ ಮಕ್ಕಳಂತೆ ಇರಿಸಿಕೊಂಡು ಉಣಿಸುತ್ತದೆ. ನಮ್ಮಲ್ಲಿ ಹಿಂದೆ ವಾರಾನ್ನದ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ್ದನ್ನು ಬಲ್ಲವರಿಗೆ ಈ ಪದ್ಧತಿಯ ಹಿಂದಿನ ಮನಸ್ಸು ಅಪರಿಚಿತವೆನಿಸಲಾರದು. ಹಗಲು ಶಾಲೆ, ಆಮೇಲೆ ಅಭ್ಯಾಸ, ವಾರಾಂತ್ಯ ಬಂತೆಂದರೆ ಬಸ್ಸು. ಪಶ್ಚಿಮದ ಲೀಗು ಮನಿಟೋಬಾದಿಂದ ಪೆಸಿಫಿಕ್ ತೀರದವರೆಗೆ ಹಬ್ಬಿರುವುದರಿಂದ ಇರುಳೆಲ್ಲ ಹಿಮದ ಹೆದ್ದಾರಿಯಲ್ಲಿ ಪಯಣಿಸುವುದು ಆಟದಷ್ಟೇ ಸಹಜ. ಅತ್ಯುನ್ನತ ಲೀಗಾದ ಎನ್.ಎಚ್.ಎಲ್. ತಲಪುವವರು ಇವರಲ್ಲಿ ಕೆಲವರು ಮಾತ್ರ. ಉಳಿದವರು ಓದಿಗೆ ಮರಳಲೆಂದು, ಆಡಿದ ಒಂದೊಂದು ಋತುವಿಗೂ ಒಂದೊಂದು ವರ್ಷದ ಕಾಲೇಜು ಶುಲ್ಕವನ್ನು ಭರಿಸುವ ವಿದ್ಯಾರ್ಥಿವೇತನವನ್ನು ಪಶ್ಚಿಮದ ಲೀಗು ಏರ್ಪಡಿಸಿದೆ.

ಈ ವ್ಯವಸ್ಥೆಯ ಬೆಳಕನ್ನೂ ಕತ್ತಲೆಯನ್ನೂ ಒಟ್ಟಿಗೇ ಕಾಣಬೇಕಾದರೆ ಸ್ವಿಫ್ಟ್ ಕರೆಂಟ್ ಎಂಬ ಊರಿನ ಬ್ರಾಂಕೋಸ್ ತಂಡದ ಕಥೆಯನ್ನು ನೋಡಬೇಕು. ಸಸ್ಕಾಚೆವಾನ್ ಪ್ರಾಂತದ ಹುಲ್ಲುಗಾವಲ ನಾಡಿನಲ್ಲಿರುವ ಪುಟ್ಟ ಪಟ್ಟಣವದು. ಹನ್ನೆರಡು ವರ್ಷ ಬೇರೆ ಊರಿನಲ್ಲಿದ್ದ ತಂಡ 1986ರಲ್ಲಿ ಅಲ್ಲಿಗೆ ಮರಳಿತ್ತು. ಆ ವರ್ಷದ ಡಿಸೆಂಬರ್ 30ರಂದು ರೆಜೈನಾ ನಗರದ ಪಂದ್ಯಕ್ಕೆಂದು ಹೊರಟ ತಂಡದ ಬಸ್ಸು ಊರಿನ ಹೊರವಲಯದಲ್ಲೇ ಹಿಮಗಟ್ಟಿದ ರಸ್ತೆಯಿಂದ ಜಾರಿ ಉರುಳಿತು. ನಾಲ್ವರು ಆಟಗಾರರು ತೀರಿಕೊಂಡರು. ಅವರಲ್ಲಿ ಅತ್ಯಂತ ಕಿರಿಯನಿಗೆ 16 ವರ್ಷ. ಉಳಿದ ಹುಡುಗರು ಮತ್ತೆ ಬಸ್ಸು ಹತ್ತಿ ಆ ಋತುವನ್ನು ಪೂರೈಸಿದರು. ಅಗಲಿದ ನಾಲ್ವರ ಅಂಕಿಗಳು ನಾಲ್ಕೆಸಳಿನ ಎಲೆಯೊಂದರ ಚಿತ್ರದಲ್ಲಿ ತಂಡದ ಅಂಗಿಯನ್ನು ಸೇರಿದವು. ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಪ್ರಶಸ್ತಿ ಇಂದಿಗೂ ಆ ನಾಲ್ವರ ನೆನಪನ್ನು ಹೊತ್ತಿದೆ.

ಎರಡು ವರ್ಷಗಳ ತರುವಾಯ, 1988-89ರ ಋತುವಿನಲ್ಲಿ, ಅದೇ ತಂಡ 72 ಪಂದ್ಯಗಳಲ್ಲಿ 55ನ್ನು ಗೆದ್ದಿತು. ಮುಂದಿನ ಸರಣಿಗಳಲ್ಲಿ ಒಂದನ್ನೂ ಸೋಲದೆ ಹನ್ನೆರಡಕ್ಕೆ ಹನ್ನೆರಡೂ ಪಂದ್ಯಗಳನ್ನು ತನ್ನದಾಗಿಸಿಕೊಂಡಿತು. 1989ರ ಮೇ ತಿಂಗಳಲ್ಲಿ ಸಸ್ಕಟೂನ್ ನಗರದಲ್ಲಿ, ಆತಿಥೇಯರ ಎದುರು, ಹೆಚ್ಚುವರಿ ಅವಧಿಯಲ್ಲಿ 4-3 ಗೋಲುಗಳಿಂದ ಮೆಮೋರಿಯಲ್ ಕಪ್ಪನ್ನು ಗೆದ್ದಿತು. ದುಃಖದಿಂದ ಮೇಲೆದ್ದ ಹುಡುಗರ ಈ ಸಾಹಸವನ್ನು ನಾಡು ಕೊಂಡಾಡಿತು. ತರಬೇತುದಾರ ಗ್ರಹಾಂ ಜೇಮ್ಸ್‌ನನ್ನು ಹಾಕಿಯ ಹೆಸರಾಂತ ವಾರಪತ್ರಿಕೆಯೊಂದು ವರ್ಷದ ವ್ಯಕ್ತಿಯೆಂದು ಗೌರವಿಸಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ನೀತಿಕಥೆಯಾಗುತ್ತಿತ್ತು. ಆದರೆ ಆ ಬಸ್ಸಿನಲ್ಲಿ ಬದುಕುಳಿದು, ಆ ಕಪ್ಪನ್ನು ಗೆದ್ದ ತಂಡದಲ್ಲೂ ಆಡಿ, ಮುಂದೆ ಎನ್.ಎಚ್.ಎಲ್. ಸೇರಿದ ಶೆಲ್ಡನ್ ಕೆನಡಿ ಮೌನ ಮುರಿದರು. ಇದೇ ತರಬೇತುದಾರ ತಮ್ಮನ್ನು ಹದಿಹರೆಯದಲ್ಲಿ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯಕ್ಕೆ ಗುರಿಪಡಿಸಿದ್ದನೆಂಬುದನ್ನು ಹೊರಗೆಡಹಿದರು. ಇಬ್ಬರು ಆಟಗಾರರ ಮೇಲಿನ ಅಪರಾಧವನ್ನು ಜೇಮ್ಸ್ 1997ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಮೂರೂವರೆ ವರ್ಷಗಳ ಸೆರೆವಾಸವಾಯಿತು. ಬೇರೆ ಆಟಗಾರರೂ ಮುಂದೆ ಬಂದುದರಿಂದ ಅನಂತರದ ವರ್ಷಗಳಲ್ಲಿ ಆತ ಮತ್ತೆ ಶಿಕ್ಷೆಗೊಳಗಾದ.

ಇದು ಹೇಗೆ ಸಾಧ್ಯವಾಯಿತೆಂದು ಕೇಳಿದರೆ ಉತ್ತರ ಆ ವ್ಯವಸ್ಥೆಯಲ್ಲೇ ಇದೆ. ಹುಡುಗನ ಮನೆ ದೂರ. ಯಾರು ಕಣಕ್ಕಿಳಿಯಬೇಕು, ಯಾರು ಬೆಂಚಿನಲ್ಲಿ ಕೂರಬೇಕು, ಯಾರ ಹೆಸರು ದೊಡ್ಡ ಲೀಗಿನವರ ಕಿವಿಗೆ ಬೀಳಬೇಕು ಎಂಬುದನ್ನೆಲ್ಲ ನಿರ್ಧರಿಸುವವನು ತರಬೇತುದಾರನೊಬ್ಬನೇ. ಗೆಲ್ಲುವ ತರಬೇತುದಾರನನ್ನು ಪ್ರಶ್ನಿಸುವವರೂ ಇಲ್ಲ. ಅಂಕ, ಹಾಜರಿ, ಶಿಫಾರಸು ಪತ್ರ ಇವೆಲ್ಲ ಕೈಯಲ್ಲಿದ್ದ ಅಧ್ಯಾಪಕನಾಗಿ ನಾನು ಬಲ್ಲೆ: ಎಳೆಯರ ಭವಿಷ್ಯವನ್ನು ಹಿಡಿದವನ ಅಧಿಕಾರ ಎಷ್ಟು ದೊಡ್ಡದೆಂಬುದು ಹೊರಗಿನವರಿಗೆ ಕಾಣುವುದಿಲ್ಲ, ಎಳೆಯರಿಗೆ ಮಾತ್ರ ಕಾಣುತ್ತದೆ.

ಕೆನಡಿ 1998ರಲ್ಲಿ ಗಾಲಿಯ ಸ್ಕೇಟುಗಳ ಮೇಲೆ ದೇಶದ ಉದ್ದಕ್ಕೂ ಸಂಚರಿಸಿ ಇಂಥ ದೌರ್ಜನ್ಯದ ಬಗ್ಗೆ ಜನರನ್ನು ಎಚ್ಚರಿಸಿದರು. ಮುಂದೆ ಗೆಳೆಯರೊಬ್ಬರೊಡನೆ ಸೇರಿ, ತರಬೇತುದಾರರಿಗೂ ಪೋಷಕರಿಗೂ ಈ ವಿಷಯದಲ್ಲಿ ಶಿಕ್ಷಣ ನೀಡುವ ಸಂಸ್ಥೆಯನ್ನು ಕಟ್ಟಿದರು.

ಇಂದಿಗೂ ಪ್ರತಿ ಶರತ್ಕಾಲದಲ್ಲಿ ಹದಿನಾರರ ಹುಡುಗರು ಚೀಲ ಹೊತ್ತು ಅಪರಿಚಿತರ ಬಾಗಿಲು ತಟ್ಟುತ್ತಾರೆ. ಬಾಗಿಲು ತೆರೆದು ಊಟಕ್ಕೆ ಎಲೆ ಹಾಕುವವರ ಔದಾರ್ಯ ದೊಡ್ಡದು. ಆದರೆ ಅಷ್ಟು ಸಾಲದು. ಮನೆಗೆ ಬಂದ ಹುಡುಗ ಊಟ ಬಿಟ್ಟು ಮಂಕಾಗಿ ಕುಳಿತ ದಿನ, ಪಂದ್ಯದ ಫಲಿತಾಂಶವನ್ನು ಬದಿಗಿಟ್ಟು, “ಏನಾಯಿತು ಮಗು?” ಎಂದು ಕೇಳುವವರೊಬ್ಬರು ಬೇಕು. ಅವನು ಹೇಳಿದ್ದನ್ನು ನಂಬುವವರೂ ಬೇಕು.