ಬಣ್ಣದಲ್ಲಿ ಮಾತಾಡುವ ಮಗು

ನೆಟ್ಟಗೆ ಮಾತೂ ಬಾರದ ಕೂಸಿನ ಕೈಗೆ ಇದ್ದಲ ಚೂರೊಂದು ಸಿಕ್ಕಿದರೆ ಸಾಕು, ಸುಣ್ಣ ಬಳಿದ ಗೋಡೆ ಮರುಗಳಿಗೆಯಲ್ಲಿ ಗೀಟುಗಳಿಂದ ತುಂಬಿಹೋಗುತ್ತದೆ. ಮನೆಯವರಿಗೆ ಅದು ತುಂಟತನ. ಮಗುವಿಗಾದರೋ ದೊಡ್ಡದೊಂದು ಶೋಧ. ತನ್ನ ಕೈ ಆಡಿದ ದಾರಿ ಗುರುತಾಗಿ ಉಳಿಯುತ್ತದೆ ಎಂಬುದನ್ನು ಅದು ಆಗ ಕಂಡುಕೊಂಡಿರುತ್ತದೆ.

ಈ ಶೋಧ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಗಳ ಪ್ರಾಯದಲ್ಲಿ ಆರಂಭವಾಗುತ್ತದೆ. ಮೊದಲು ಅತ್ತಿಂದಿತ್ತ ಎಳೆದ ಗೀಟುಗಳು, ಬಳಿಕ ಸುತ್ತುಗಳು, ಮೂರು ವರ್ಷದ ಹೊತ್ತಿಗೆ ಸುತ್ತಿನ ತುದಿಗಳು ಕೂಡಿ ವೃತ್ತವಾಗುತ್ತದೆ. ಮೂರು ನಾಲ್ಕು ವರ್ಷಗಳ ನಡುವೆ ಆ ವೃತ್ತದಲ್ಲಿ ಕಣ್ಣು ಬಾಯಿಗಳು ಮೂಡಿ, ಕೆಳಗೆ ಎರಡು ಕಾಲುಗಳು ಇಳಿದು, ಒಡಲೇ ಇಲ್ಲದ ಮನುಷ್ಯನೊಬ್ಬ ಹುಟ್ಟುತ್ತಾನೆ. ಮನಶ್ಶಾಸ್ತ್ರಜ್ಞರು ಇವನನ್ನು 'ಗೊದಮೊಟ್ಟೆ ಮನುಷ್ಯ'ನೆಂದು ಕರೆಯುವುದುಂಟು. ಕಲಿಸುವವರಿಲ್ಲದೆಯೂ ದೇಶದೇಶಗಳ ಮಕ್ಕಳಲ್ಲಿ ಇವನು ಕಾಣಿಸಿಕೊಳ್ಳುತ್ತಾನೆ.

ಇದೇ ಪ್ರಾಯದಲ್ಲಿ ಮಗುವಿನ ಮನಸ್ಸಿನೊಳಗೂ ಬಿರುಗಾಳಿಗಳೇಳುತ್ತವೆ. ಮನೆಗೆ ತಮ್ಮನೋ ತಂಗಿಯೋ ಬಂದಾಗಿನ ಮತ್ಸರ, ಕತ್ತಲ ಭಯ, ಅಜ್ಜಿಯನ್ನು ಕಳೆದುಕೊಂಡ ದುಃಖ ಇವೆಲ್ಲವನ್ನೂ ಅದು ಅನುಭವಿಸುತ್ತದೆ. ಆದರೆ ಅವುಗಳಿಗೆ ಹೆಸರಿಡುವಷ್ಟು ಮಾತು ಅದರಲ್ಲಿನ್ನೂ ಕೂಡಿರುವುದಿಲ್ಲ. ಅಂಥ ಮಗುವಿಗೆ ಬಣ್ಣವೂ ಕುಂಚವೂ ಒದಗಿದರೆ, ಬಾಯಿಂದ ಬಾರದುದು ಕೈಯಿಂದ ಬರಲು ಒಂದು ದಾರಿ ಸಿಗುತ್ತದೆ. ಇದನ್ನು ಇಂದು ಶಿಕ್ಷಕರೂ ವೈದ್ಯರೂ ಒಪ್ಪುತ್ತಾರೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ: ಮಗು ಬರೆದ ಚಿತ್ರವನ್ನು ನಾವು ಓದುವುದು ಹೇಗೆ?

ಕಪ್ಪೆಂದರೆ ದುಃಖವೇ?

ಕಪ್ಪು ಬಳಿದರೆ ಮಗುವಿಗೆ ದುಃಖ, ಕೆಂಪು ಬಳಿದರೆ ಕೋಪ, ಹಳದಿ ಬಳಿದರೆ ಸಂತೋಷ ಎಂದು ಶಕುನ ಹೇಳುವಂತೆ ಹೇಳಿಬಿಡುವ ರೂಢಿ ಬಹಳ ಕಡೆ ಇದೆ. ಇದರ ಹಿಂದೆ ಒಂದಿಷ್ಟು ಶಾಸ್ತ್ರವೂ ಇತ್ತು. ಅಮೆರಿಕದ ರೋಸ್ ಆಲ್ಷುಲರ್ ಮತ್ತು ಲಾ ಬರ್ಟಾ ಹ್ಯಾಟ್‌ವಿಕ್ ಎಂಬ ವಿದುಷಿಯರು ಶಿಶುವಿಹಾರದ ಮಕ್ಕಳ ಚಿತ್ರಗಳನ್ನು ದೀರ್ಘಕಾಲ ಪರಿಶೀಲಿಸಿ, ಮಕ್ಕಳು ಆರಿಸುವ ಬಣ್ಣಕ್ಕೂ ಅವರ ಸ್ವಭಾವಕ್ಕೂ ನಿಕಟ ಸಂಬಂಧವಿದೆಯೆಂದು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಾರಿದರು.

ಏಳು ವರ್ಷ ಕಳೆಯುವುದರೊಳಗೆ, 1954ರಲ್ಲಿ, ಕಾರ್ಕೊರನ್ ಎಂಬ ಸಂಶೋಧಕರು ಒಂದು ಸರಳವಾದ ಸಂಗತಿಯನ್ನು ಬೆಳಕಿಗೆ ತಂದರು. ಮೂರು ವರ್ಷದ ಮಕ್ಕಳು ಅನೇಕ ವೇಳೆ, ಬಣ್ಣದ ಬಟ್ಟಲುಗಳನ್ನು ಇಟ್ಟಿದ್ದ ಸಾಲಿನಲ್ಲಿಯೇ, ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದಾದ ಮೇಲೊಂದನ್ನು ಬಳಸುತ್ತ ಹೋಗುತ್ತಿದ್ದರು! ಮಗು ಕಪ್ಪನ್ನು ಮೊದಲು ಬಳಿದುದಕ್ಕೆ ಕಪ್ಪಿನ ಬಟ್ಟಲು ಮೊದಲಿದ್ದುದೇ ಕಾರಣವಾಗಿರಬಹುದು. ಮಗುವಿನ ಅಂತರಂಗವನ್ನು ಕಂಡೆವೆಂದು ಹಿಗ್ಗುವ ಮುನ್ನ ಮೇಜಿನ ಮೇಲಿನ ಸಾಲನ್ನು ನೋಡಬೇಕೆಂದಾಯಿತು.

ಹಾಗೆಂದು ಬಣ್ಣಕ್ಕೂ ಭಾವಕ್ಕೂ ನಂಟೇ ಇಲ್ಲವೆಂದು ತಿಳಿಯಬಾರದು. ಎಸ್ತರ್ ಬರ್ಕಿಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಒಳ್ಳೆಯವನ, ಕೆಟ್ಟವನ ಹಾಗೂ ಸಾಧಾರಣನೊಬ್ಬನ ರೇಖಾಚಿತ್ರಗಳನ್ನು ಕೊಟ್ಟು ಬಣ್ಣ ತುಂಬಿಸಲಾಯಿತು. ಮಕ್ಕಳು ತಮಗೆ ಅತ್ಯಂತ ಪ್ರಿಯವಾದ ಬಣ್ಣಗಳನ್ನು ಒಳ್ಳೆಯವನಿಗೂ, ಹಿಡಿಸದ ಬಣ್ಣಗಳನ್ನು ಕೆಟ್ಟವನಿಗೂ ಬಳಿದರು. ಕೆಟ್ಟವನಿಗೆ ಕಪ್ಪು ಹೆಚ್ಚಾಗಿ ಬಿದ್ದುದು ನಿಜವೇ; ಆದರೂ ಒಟ್ಟಿನಲ್ಲಿ ಆಯ್ಕೆಯನ್ನು ನಿರ್ಣಯಿಸಿದ್ದು ಆಯಾ ಮಗುವಿನ ಇಷ್ಟಾನಿಷ್ಟ. ಎಲ್ಲ ಮಕ್ಕಳಿಗೂ ಸಲ್ಲುವ ಬಣ್ಣದ ನಿಘಂಟನ್ನು ರಚಿಸುವಂತಿಲ್ಲ. ಒಂದು ಮಗುವಿನ ಚಿತ್ರವನ್ನು ತಿಳಿಯಬೇಕಾದರೆ ಆ ಮಗುವನ್ನೇ ಬಲ್ಲವರಾಗಿರಬೇಕು.

ಹೂವಿನ ಚಿತ್ರದ ಕೆಲಸ

ದುಃಖಿತ ಮಗುವಿನಿಂದ ದುಃಖದ ಚಿತ್ರವನ್ನೇ ಬರೆಸಬೇಕೆಂಬ ಇನ್ನೊಂದು ನಂಬಿಕೆಯೂ ಇದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಎಂಬ ಮನಶ್ಶಾಸ್ತ್ರಜ್ಞೆಯರು ಇದನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರರಿಂದ ಹನ್ನೆರಡು ವರ್ಷದ ಮಕ್ಕಳು ತಮಗೆ ನಿರಾಶೆ ತಂದ ಒಂದು ಸಂಗತಿಯನ್ನು ನೆನೆದ ಬಳಿಕ, ಕೆಲವರು ಅದನ್ನೇ ಚಿತ್ರಿಸಿದರು. ಕೆಲವರು ಬರಿಯ ಮನೆಯೊಂದನ್ನು ಚಿತ್ರಿಸಿದರು. ಮನೆಯನ್ನು ಚಿತ್ರಿಸಿದವರ ಮನಸ್ಸೇ ಹೆಚ್ಚು ತಿಳಿಯಾಯಿತು. ನೋವನ್ನು ಹೊರಗೆಡಹುವುದಷ್ಟೇ ಚಿತ್ರಕಲೆಯ ಉಪಕಾರವಲ್ಲ. ನೋವಿನಿಂದ ಸ್ವಲ್ಪ ಹೊತ್ತು ಬೇರೊಂದು ಲೋಕಕ್ಕೆ ಹೋಗಿಬರಲು ಅದು ಹಾದಿಯನ್ನೂ ಕೊಡುತ್ತದೆ.

ಈ ಪ್ರಯೋಗಕ್ಕೆ ಏಳು ದಶಕಗಳ ಹಿಂದೆ, ಅತ್ಯಂತ ದಾರುಣವಾದ ಸನ್ನಿವೇಶದಲ್ಲಿ, ಒಬ್ಬ ಶಿಕ್ಷಕಿ ಮಕ್ಕಳಿಗೆ ಈ ಹಾದಿಯನ್ನು ತೆರೆದಿಟ್ಟಿದ್ದಳು. ಆಕೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಜರ್ಮನಿಯ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಯಹೂದಿ ಕಲಾವಿದೆ. 1942ರ ಡಿಸೆಂಬರಿನಲ್ಲಿ ನಾಜಿಗಳು ಆಕೆಯನ್ನು ಇಂದಿನ ಚೆಕ್ ದೇಶದಲ್ಲಿರುವ ಟೆರೆಜಿನ್ ಎಂಬ ಕೋಟೆಯೂರಿನ ಬಂದಿಶಿಬಿರಕ್ಕೆ ಸಾಗಿಸಿದರು. ಹಸಿವು, ರೋಗ, ಅಗಲಿಕೆಗಳ ನಡುವೆ ಆಕೆ ಅಲ್ಲಿನ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದಳು. ಕಾಗದ ಸಾಲದೆ ಹೋದಾಗ ಬಳಸಿದ ಹಾಳೆಗಳ ಬೆನ್ನೇ ಚಿತ್ರದ ಹಲಗೆಯಾಯಿತು. ತಮ್ಮ ಚಿತ್ರಕ್ಕೆ ತಮ್ಮ ಹೆಸರನ್ನು ಬರೆಯುವಂತೆ ಆಕೆ ಮಕ್ಕಳಿಗೆ ಹೇಳುತ್ತಿದ್ದಳು.

ಆ ಚಿತ್ರಗಳಲ್ಲಿ ಶಿಬಿರದ ಅಂತಸ್ತಿನ ಮಂಚಗಳೂ ಕಾವಲುಗಾರರೂ ಉಂಟು. ಅಷ್ಟೇ ಅಲ್ಲ, ಬಿಟ್ಟುಬಂದ ಮನೆಗಳು, ಹೂಗಳು, ಚಿಟ್ಟೆಗಳು, ಹಬ್ಬದ ಊಟದ ಮೇಜುಗಳೂ ಉಂಟು. 1944ರ ಅಕ್ಟೋಬರಿನಲ್ಲಿ ಫ್ರೀಡ್ಲ್ ಆಶ್ವಿಟ್ಜ್‌ನಲ್ಲಿ ಕೊಲೆಯಾದಳು. ಆಕೆಯ ಶಿಷ್ಯರಲ್ಲಿಯೂ ಬಹುಮಂದಿ ಉಳಿಯಲಿಲ್ಲ. ಎರಡು ಪೆಟ್ಟಿಗೆಗಳಲ್ಲಿ ಅಡಗಿಸಿಟ್ಟಿದ್ದ ಸುಮಾರು 4,500 ಚಿತ್ರಗಳು ಮಾತ್ರ ಉಳಿದು, ಇಂದು ಪ್ರಾಗ್ ನಗರದ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಆಕೆಯಿಂದ ಕಲಿತಿದ್ದ ಎಡಿತ್ ಕ್ರೇಮರ್ ಅಮೆರಿಕಕ್ಕೆ ಹೋಗಿ, ಮಕ್ಕಳ ಕಲಾಚಿಕಿತ್ಸೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬಳಾದಳು.

ಮನೆಯಲ್ಲಿ ಮಾಡಬಹುದಾದುದು

ಇದಕ್ಕೆ ಹೆಚ್ಚಿನ ಖರ್ಚು ಬೇಕಿಲ್ಲ. ಹಳೆಯ ಕಾಗದ, ಸೀಮೆಸುಣ್ಣ, ಇದ್ದಲು ಇಷ್ಟಿದ್ದರೂ ಆಯಿತು. ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಅದರಲ್ಲಿ ಅರಿಸಿನ ಕಲಸಿದರೆ ಬೆರಳಿನಿಂದ ಬಳಿಯುವ ಹಳದಿ ಬಣ್ಣ ಸಿದ್ಧ. ಅದರಲ್ಲಿ ಒಂದು ಪಾಲಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ; ಹಳದಿ ಕೆಂಪಿಗೆ ತಿರುಗುತ್ತದೆ. ಅರಿಸಿನದ ವರ್ಣದ್ರವ್ಯವು ಕ್ಷಾರದೊಡನೆ ಸೇರಿದಾಗ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ. ನಮ್ಮ ಓಕುಳಿಯ ಕೆಂಪೂ ಇದೇ ಕ್ರಿಯೆಯ ಫಲ. ಆದರೆ ಓಕುಳಿಗೆ ಹಾಕುವ ಸುಣ್ಣವು ಕಣ್ಣನ್ನೂ ಚರ್ಮವನ್ನೂ ಸುಡುವುದರಿಂದ ಮಕ್ಕಳ ಕೈಗೆ ಅದು ಸಲ್ಲದು.

ಬಣ್ಣ ಕೊಟ್ಟ ಮೇಲೆ ಹಿರಿಯರು ಹಿಂದೆ ಸರಿಯಬೇಕು. ಮಗುವಿನ ಕೈ ಹಿಡಿದು ತಿದ್ದುವುದಾಗಲಿ, ಎಲೆ ಹಸಿರೇ ಇರಬೇಕೆಂದು ವಿಧಿಸುವುದಾಗಲಿ, ನೆರೆಮನೆಯ ಮಗುವಿನ ಚಿತ್ರದೊಡನೆ ಹೋಲಿಸುವುದಾಗಲಿ ಬೇಡ. "ಇದೇನಿದು?" ಎಂದು ಕೇಳಿದರೆ ಚಿತ್ರ ಅರ್ಥವಾಗಲಿಲ್ಲವೆಂಬ ದೂರು ಅದರಲ್ಲಿ ಅಡಗಿರುತ್ತದೆ. "ಈ ಕೆಂಪನ್ನು ಎಷ್ಟು ಒತ್ತಿ ಬಳಿದಿದ್ದೀಯೆ, ಪುಟ್ಟಾ! ಇದರ ಕಥೆ ಹೇಳುತ್ತೀಯಾ?" ಎಂದರೆ ಮಗು ಮಾತಿಗೆ ತೊಡಗಬಹುದು. ತೊಡಗದಿದ್ದರೆ ಒತ್ತಾಯಿಸಬಾರದು. ಹೇಳಬೇಕಾದುದನ್ನು ಅದು ಆಗಲೇ ಹೇಳಿ ಮುಗಿಸಿರಲೂಬಹುದು.

ಒಂದು ಎಚ್ಚರಿಕೆ ಅಗತ್ಯ. ಯಾವುದೇ ಒಂದು ಚಿತ್ರದಿಂದ ಮಗುವಿನ ರೋಗವನ್ನು ನಿರ್ಣಯಿಸುವಂತಿಲ್ಲ. ಊಟ, ನಿದ್ರೆ, ಆಟಗಳು ಕೆಟ್ಟು, ಮಗು ವಾರಗಟ್ಟಲೆ ಮಂಕಾಗಿದ್ದರೆ, ಚಿತ್ರ ಹೇಗೇ ಇರಲಿ, ವೈದ್ಯರನ್ನು ಕಾಣತಕ್ಕದ್ದು. ಉಳಿದಂತೆ ಮಗುವಿಗೆ ಬೇಕಾದುದು ಒಂದಿಷ್ಟು ಬಣ್ಣ, ಕೊಳೆಯಾದರೂ ಬೈಯದ ಒಂದು ಮೂಲೆ, ಮತ್ತು ತೀರ್ಪು ಹೇಳುವ ಅವಸರವಿಲ್ಲದೆ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಹಿರಿಯರು.